ಮೂರು ಸಾವಿರ ಹೆಸರುಗಳ ಪಟ್ಟಿ



ಪ್ರಾಚೀನ ಗ್ರೀಸಿನ ಕೆಲವು ನಗರಗಳಲ್ಲಿ ಅಧಿಕಾರ ಹಿಡಿದ ಸಿರಿವಂತರು ಒಂದು ಪ್ರಮಾಣ ಮಾಡುತ್ತಿದ್ದರು. ಜನಸಾಮಾನ್ಯರಿಗೆ ಹಗೆಗಳಾಗಿ ಇರುತ್ತೇವೆ, ಅವರಿಗೆ ಕೈಲಾದಷ್ಟು ಕೇಡು ಬಗೆಯುತ್ತೇವೆ ಎನ್ನುವುದು ಆ ಪ್ರಮಾಣದ ಸಾರ. ಈ ಸಂಗತಿಯನ್ನು ದಾಖಲಿಸಿದವನು ಅರಿಸ್ಟಾಟಲ್. ಜನರ ಆಳ್ವಿಕೆಯ ಬಗ್ಗೆ ಅವನಿಗೇನೂ ಕುರುಡು ಮೋಹ ಇರಲಿಲ್ಲ. ಆದರೂ ತನ್ನ 'ಪಾಲಿಟಿಕ್ಸ್' ಗ್ರಂಥದಲ್ಲಿ ಇದನ್ನು ಹೇಳಿ, ಇವರು ಮಾಡಬೇಕಾದ ಪ್ರಮಾಣ ಇದಕ್ಕೆ ತದ್ವಿರುದ್ಧವಾದದ್ದು, ಜನರಿಗೆ ಅನ್ಯಾಯ ಮಾಡುವುದಿಲ್ಲ ಎಂದು ಅವರು ಆಣೆಯಿಡಬೇಕು ಎಂದು ಬುದ್ಧಿ ಹೇಳುತ್ತಾನೆ.

ಕೆಲವರೇ ಸೇರಿ ಊರನ್ನು ಆಳುವ ಈ ಪದ್ಧತಿಯನ್ನು ಗ್ರೀಕರು ಒಲಿಗಾರ್ಕಿ ಎಂದರು. ರಾಜ್ಯಶಾಸ್ತ್ರ ಓದಿದವರು ಇದನ್ನು ಅಲ್ಪಜನಾಧಿಪತ್ಯ ಎಂದು ಬಲ್ಲರು. ನಾನು ಕೆಲವರ ಆಳ್ವಿಕೆ ಎಂದೇ ಹೇಳಿಕೊಂಡು ಹೋಗುತ್ತೇನೆ. ಆ 'ಕೆಲವರು' ಯಾರು? ಅರಿಸ್ಟಾಟಲನ ಉತ್ತರ ಬಹಳ ಸ್ಪಷ್ಟ. ಎಣಿಕೆ ಮುಖ್ಯವಲ್ಲ, ಹಣ ಮುಖ್ಯ. ಆಸ್ತಿಯೇ ಅಧಿಕಾರಕ್ಕೆ ಅರ್ಹತೆಯಾದರೆ ಅದು ಕೆಲವರ ಆಳ್ವಿಕೆ. ಸಿರಿವಂತರು ಎಲ್ಲ ಕಡೆಯೂ ಕೆಲವರೇ ಇರುವುದರಿಂದ ಎಣಿಕೆ ತಾನಾಗಿ ಚಿಕ್ಕದಾಗುತ್ತದೆ, ಅಷ್ಟೆ. ಥೀಬ್ಸ್ ನಗರದಲ್ಲಿ, ಹತ್ತು ವರ್ಷ ಸಂತೆಯ ವ್ಯಾಪಾರದಿಂದ ದೂರವಿದ್ದವನಿಗೆ ಮಾತ್ರ ಅಧಿಕಾರದ ಸ್ಥಾನ ಎಂಬ ಕಟ್ಟಳೆ ಇತ್ತು. ಕೊರಿಂಥ್‌ನಲ್ಲಿ ಬಹಳ ಹಿಂದೆ ಬಾಕಿಯಡ್ ಎಂಬ ಒಂದೇ ಕುಲದವರು ಆಳಿದರು. ಹೆಣ್ಣು ಕೊಡುವುದೂ ತರುವುದೂ ತಮ್ಮೊಳಗೇ ಇಟ್ಟುಕೊಂಡಿದ್ದರು. ಇಂಥ ಊರುಗಳು ಹತ್ತಾರು ಇದ್ದವು, ಎಲ್ಲವನ್ನೂ ಹೇಳುತ್ತ ಕೂರಲಾರೆ. ನನಗೆ ಹೇಳಬೇಕಾಗಿರುವುದು ಅಥೆನ್ಸಿನ ಕಥೆ. ಅಲ್ಲಿ ಜನರ ಆಳ್ವಿಕೆ ಬೇರೂರಿತ್ತು. ಅದನ್ನು ಕಿತ್ತು ಕೆಲವರ ಆಳ್ವಿಕೆಯನ್ನು ನೆಡುವ ಪ್ರಯತ್ನ ಏಳು ವರ್ಷಗಳೊಳಗೆ ಎರಡು ಸಲ ನಡೆಯಿತು. ಅದು ಹೇಗೆ ಬರುತ್ತದೆ, ಬಂದ ಮೇಲೆ ಏನು ಮಾಡುತ್ತದೆ ಎಂಬುದನ್ನು ಆ ಕಾಲದಲ್ಲೇ ಬದುಕಿದ್ದವರು ಬರೆದಿಟ್ಟಿದ್ದಾರೆ.

ಅಥೆನ್ಸಿನ ಬಡವನಿಗೆ ಆಳ್ವಿಕೆಯಲ್ಲಿ ಪಾಲು ಬಂದದ್ದು ಹೇಗೆ ಎನ್ನುವುದನ್ನು ಮೊದಲು ನೋಡೋಣ. ಕ್ರಿ.ಪೂ. 480ರಲ್ಲಿ ಸಾಲಮಿಸ್ ದ್ವೀಪದ ಬಳಿ ಗ್ರೀಕರು ಪರ್ಷಿಯಾದ ನೌಕಾಪಡೆಯನ್ನು ಮುರಿದರು. ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ 'ಪಾರಸಿಕರು' ಓದಿದ ಕನ್ನಡಿಗರಿಗೆ ಆ ಯುದ್ಧ ಪರಿಚಿತ. ಎಸ್ಕಿಲಸ್ ಬರೆದ ಆ ನಾಟಕದ ಹಿಂದೆ ಇರುವುದು ಅದೇ ಸೋಲು, ಅದೇ ಗೆಲವು. ಒಂದೊಂದು ಯುದ್ಧನೌಕೆಯಲ್ಲಿ 170 ಜನ ಹುಟ್ಟು ಹಾಕುವವರು ಬೇಕು. ಕುದುರೆ ಸಾಕಲು, ಕಂಚಿನ ಕವಚ ಕೊಳ್ಳಲು ಹಣವಿಲ್ಲದವನಿಗೂ ಎರಡು ತೋಳುಗಳಿದ್ದವು. ಅಥೆನ್ಸಿನ ಸಾಮ್ರಾಜ್ಯ ನಿಂತದ್ದು ಆ ತೋಳುಗಳ ಮೇಲೆ. ಹಡಗು ನಡೆಸುವವನು ಊರಿನ ಸಭೆಯಲ್ಲಿ ಕೈ ಎತ್ತಬಾರದೇಕೆ ಎಂಬ ಪ್ರಶ್ನೆಗೆ ಅಥೆನ್ಸ್ ನಿಧಾನವಾಗಿ, ಎತ್ತಬಹುದು ಎಂದು ಉತ್ತರ ಕೊಟ್ಟಿತು. 500 ಜನರ ಮಂಡಳಿಯನ್ನು ಚೀಟಿ ಎತ್ತಿ ಆರಿಸುತ್ತಿದ್ದರು. ನ್ಯಾಯಾಲಯದಲ್ಲಿ ತೀರ್ಪು ಕೊಡಲು ಕುಳಿತವರಿಗೆ ಊರಿನ ಮುಂದಾಳು ಪೆರಿಕ್ಲಿಸ್ ದಿನಭತ್ಯ ಗೊತ್ತುಮಾಡಿದ. ಮುಂದೆ ಅದು ಮೂರು ಒಬಲ್‌ಗಳಾಯಿತು. ಅಂದಿನ ಕುಶಲ ಕೆಲಸಗಾರನ ಕೂಲಿಯ ಅರ್ಧದಷ್ಟು. ದೊಡ್ಡ ಹಣವೇನಲ್ಲ. ಆದರೆ ಒಂದು ದಿನದ ಕೂಲಿ ಬಿಟ್ಟರೆ ಆ ದಿನದ ಗಂಜಿಯೂ ಇಲ್ಲದ ಮನುಷ್ಯನಿಗೆ ಆ ಮೂರು ಒಬಲ್‌ಗಳೇ ರಾಜಕೀಯ ಹಕ್ಕು.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ರಿ.ಪೂ. 411ರಲ್ಲಿ ಕೆಲವರ ಆಳ್ವಿಕೆ ಅಥೆನ್ಸಿಗೆ ಬಂದಾಗ ಮೊದಲು ಕೈ ಹಾಕಿದ್ದು ಈ ಭತ್ಯಕ್ಕೆ. ಯುದ್ಧದಲ್ಲಿರುವವರನ್ನು ಬಿಟ್ಟು ಇನ್ನಾರಿಗೂ ಸಾರ್ವಜನಿಕ ಕೆಲಸಕ್ಕೆ ಸಂಬಳವಿಲ್ಲ ಎಂದಿತು ಅವರ ಘೋಷಣೆ. ನೋಡಲು ಇದು ಮಿತವ್ಯಯ. ಸ್ಪಾರ್ಟಾದೊಡನೆ ನಡೆಯುತ್ತಿದ್ದ ಯುದ್ಧದಲ್ಲಿ ಬೊಕ್ಕಸ ಬರಿದಾಗಿತ್ತು, ಸಿಸಿಲಿಯ ದಂಡಯಾತ್ರೆಯಲ್ಲಿ ಸೇನೆಯೂ ಹಡಗುಗಳೂ ನಾಶವಾಗಿ ಎರಡು ವರ್ಷವೂ ಆಗಿರಲಿಲ್ಲ. ಆದರೆ ಭತ್ಯ ನಿಂತ ದಿನವೇ ಬಡವನ ಹಕ್ಕು ಕಾಗದದಲ್ಲಿ ಮಾತ್ರ ಉಳಿಯಿತು.

ಆ ವರ್ಷದ ಸಂಗತಿಗಳನ್ನು ಬರೆದವನು ಥುಸಿಡಿಡೀಸ್. ಅವನ ಎಂಟನೆಯ ಪುಸ್ತಕದ ಆ ಪುಟಗಳನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಜನಸಭೆ ಆಗಲೂ ಸೇರುತ್ತಿತ್ತು, ಮಂಡಳಿಯೂ ಸೇರುತ್ತಿತ್ತು. ಆದರೆ ಏಳುವ ಭಾಷಣಕಾರರೆಲ್ಲ ಒಳಸಂಚಿನವರು, ಏನು ಮಾತಾಡಬೇಕೆಂಬುದೂ ಮೊದಲೇ ಗೊತ್ತುಮಾಡಿದ್ದು. ಎದುರು ಮಾತಾಡಿದವನು ಕೆಲವೇ ದಿನಗಳಲ್ಲಿ ಸತ್ತು ಬಿದ್ದಿರುತ್ತಿದ್ದ. ಕೊಂದವರು ಯಾರೆಂದು ಹುಡುಕುವವರಿಲ್ಲ. ಸಂಚುಗಾರರು ನಿಜವಾಗಿ ಎಷ್ಟು ಜನ ಎಂಬುದು ಯಾರಿಗೂ ತಿಳಿಯದು, ಆದ್ದರಿಂದ ಇರುವುದಕ್ಕಿಂತ ಬಹಳ ಹೆಚ್ಚು ಎಂದೇ ಎಲ್ಲರ ಎಣಿಕೆ. ಪಕ್ಕದ ಮನೆಯವನ ಮುಂದೆ ದುಃಖ ಹೇಳಿಕೊಳ್ಳಲೂ ಭಯ, ಅವನೂ ಅವರಲ್ಲಿ ಒಬ್ಬನಾಗಿದ್ದರೆ? ಕೊನೆಗೆ ಜನಸಭೆಯನ್ನು ಊರ ಕೋಟೆಯ ಹೊರಗೆ, ಕೊಲೊನಸ್ ಎಂಬಲ್ಲಿ ಕರೆದರು. ಕಾನೂನಿಗೆ ವಿರುದ್ಧವಾದ ನಿರ್ಣಯ ತಂದವನ ಮೇಲೆ ಯಾವ ಪೌರನಾದರೂ ದಾವೆ ಹೂಡಬಹುದು ಎಂಬ ರಕ್ಷಣೆ ಅಥೆನ್ಸಿನಲ್ಲಿ ಇತ್ತು. ಆ ಸಭೆಯಲ್ಲಿ ಮೊದಲು ಅದನ್ನು ತೆಗೆದುಹಾಕಿದರು. ಆಮೇಲೆ ಉಳಿದದ್ದೆಲ್ಲ ಸಲೀಸು. 400 ಜನರ ಕೈಗೆ ಅಧಿಕಾರ ಹೋಯಿತು. ಅವರು ಬಟ್ಟೆಯೊಳಗೆ ಕಠಾರಿ ಇಟ್ಟುಕೊಂಡು ಹಳೆಯ ಮಂಡಳಿಯ ಸಭಾಂಗಣಕ್ಕೆ ಬಂದು, ಸದಸ್ಯರ ಉಳಿದ ಅವಧಿಯ ಸಂಬಳವನ್ನು ಎಣಿಸಿ ಕೈಗಿಟ್ಟು, ಹೊರಡಿ ಎಂದರು. ಅವರು ಮಾತಿಲ್ಲದೆ ಹೊರಟರು. ಜನರ ಆಳ್ವಿಕೆಯನ್ನು ಮುಗಿಸಿದ ನಿರ್ಣಯಕ್ಕೆ ಜನಸಭೆಯೇ ಒಪ್ಪಿಗೆ ಕೊಟ್ಟಿತ್ತು ಎನ್ನುವುದನ್ನು ಮರೆಯಬಾರದು.

ಈ ನಾನೂರು ಜನ ಒಂದು ಮಾತು ಕೊಟ್ಟಿದ್ದರು. ಆಳುವವರು ನಾವಷ್ಟೇ ಅಲ್ಲ, ಹಣದಿಂದಲೂ ದೇಹದಿಂದಲೂ ಊರಿಗೆ ನೆರವಾಗಬಲ್ಲ 5,000 ಜನರು ಎಂದು. ಆ 5,000 ಹೆಸರುಗಳ ಪಟ್ಟಿ ಹೊರಗೆ ಬರಲೇ ಇಲ್ಲ. ಇದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಪಟ್ಟಿಯಲ್ಲಿ ಯಾರಿದ್ದಾರೆ ಎಂದು ತಿಳಿಯದಿದ್ದಷ್ಟು ಕಾಲ ಜನ ಒಬ್ಬರಿಗೊಬ್ಬರು ಹೆದರುತ್ತಿರುತ್ತಾರೆ ಎಂಬುದೇ ಅವರ ಲೆಕ್ಕಾಚಾರ ಎಂದು ಥುಸಿಡಿಡೀಸ್ ಬರೆಯುತ್ತಾನೆ. ಆದರೆ ಸಾಮೋಸ್ ದ್ವೀಪದಲ್ಲಿದ್ದ ನೌಕಾಪಡೆ ಹೆದರಲಿಲ್ಲ. ಹುಟ್ಟು ಹಾಕುವವರು ಅಲ್ಲಿಯೇ ಸಭೆ ಸೇರಿದರು. ತಾವು ಹೆಚ್ಚು ಜನ, ಊರಿನಲ್ಲಿರುವವರು ಕಡಿಮೆ, ಆದ್ದರಿಂದ ತಾವು ಊರನ್ನು ಬಿಟ್ಟವರಲ್ಲ, ಊರೇ ತಮ್ಮನ್ನು ಬಿಟ್ಟುಹೋಗಿದೆ ಎಂದುಕೊಂಡರು. ನಾಯಕರನ್ನು ತಾವೇ ಆರಿಸಿಕೊಂಡರು. ಅವರಲ್ಲಿ ಥ್ರಸಿಬುಲಸ್ ಒಬ್ಬ. ಈ ಹೆಸರು ಮುಂದೆ ಮತ್ತೆ ಬರುತ್ತದೆ. ನಾನೂರರ ಆಳ್ವಿಕೆ ನಾಲ್ಕು ತಿಂಗಳಲ್ಲಿ ಬಿದ್ದಿತು.

ಇಲ್ಲಿ ಒಂದು ಮಾತು ನ್ಯಾಯಕ್ಕಾಗಿ ಹೇಳಲೇಬೇಕು. ಜನರ ಆಳ್ವಿಕೆಯ ಮೇಲೆ ಸಿರಿವಂತರು ಹೊರಿಸುತ್ತಿದ್ದ ದೂರುಗಳು ಕಟ್ಟುಕತೆಯಾಗಿರಲಿಲ್ಲ. ಸಿಸಿಲಿಯ ಹುಚ್ಚು ದಂಡಯಾತ್ರೆಗೆ ಕೈ ಎತ್ತಿದ್ದು ಜನಸಭೆಯೇ. ಕ್ರಿ.ಪೂ. 406ರಲ್ಲಿ ಆರ್ಗಿನುಸೆಯ ನೌಕಾಯುದ್ಧ ಗೆದ್ದ ಸೇನಾಪತಿಗಳನ್ನು, ಬಿರುಗಾಳಿಯಲ್ಲಿ ಮುಳುಗುತ್ತಿದ್ದ ನಾವಿಕರನ್ನು ಎತ್ತಿಕೊಳ್ಳಲಿಲ್ಲವೆಂದು, ಒಬ್ಬೊಬ್ಬರ ವಿಚಾರಣೆಯೂ ಇಲ್ಲದೆ ಒಟ್ಟಾಗಿ ತಪ್ಪಿತಸ್ಥರೆಂದು ಸಾರಿ, ಕೈಗೆ ಸಿಕ್ಕ ಆರು ಜನರನ್ನು ಕೊಂದದ್ದೂ ಜನಸಭೆಯೇ. ಅಂದು ಇದು ಕಾನೂನಲ್ಲ ಎಂದು ಅಡ್ಡ ನಿಂತವನು ಸಾಕ್ರಟೀಸ್. ಜನ ತಪ್ಪು ಮಾಡುತ್ತಾರೆ, ಘೋರವಾದ ತಪ್ಪು ಮಾಡುತ್ತಾರೆ. ಬುದ್ಧಿವಂತರಾದ ಕೆಲವರ ಕೈಗೆ ಕೊಟ್ಟರೆ ಈ ತಪ್ಪು ನಿಲ್ಲುತ್ತದೆಯೇ? ಕ್ರಿ.ಪೂ. 404ರಲ್ಲಿ ಅಥೆನ್ಸಿಗೆ ಇದರ ಉತ್ತರ ಸಿಕ್ಕಿತು.

ಆ ಹೊತ್ತಿಗೆ ಯುದ್ಧ ಮುಗಿದಿತ್ತು. ಹಡಗುಗಳು ಹೋಗಿದ್ದವು, ಜನ ಹಸಿವಿನಿಂದ ಶರಣಾಗಿದ್ದರು. ಕೊಳಲು ನುಡಿಸುವ ಹೆಣ್ಣುಗಳ ಸಂಗೀತದೊಡನೆ ಅಥೆನ್ಸಿನ ಉದ್ದಗೋಡೆಗಳನ್ನು ಕೆಡವಲಾಯಿತು. ಸ್ಪಾರ್ಟಾದ ಸೇನಾಪತಿ ಲೈಸಾಂಡರ್ ಎದುರಿಗೆ ಇದ್ದಂತೆಯೇ ಜನಸಭೆ ಮೂವತ್ತು ಜನರನ್ನು ಆರಿಸಿತು. ಹಿರಿಯರ ಕಾಲದ ಕಾನೂನುಗಳನ್ನು ಮತ್ತೆ ಬರೆದುಕೊಡುವುದು ಅವರ ಕೆಲಸ. ಅವರ ಮುಂದಾಳು ಕ್ರಿಟಿಯಾಸ್. ಪ್ಲೇಟೋವಿನ ತಾಯಿಯ ಕಡೆಯ ಬಂಧು, ಸಾಕ್ರಟೀಸನ ಸಹವಾಸದಲ್ಲಿ ಬೆಳೆದವನು, ಕವಿ, ನಾಟಕಕಾರ. ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿಲ್ಲ.

ಕಾನೂನು ಬರೆಯುವ ಕೆಲಸ ಮುಂದೆ ಮುಂದೆ ಹೋಯಿತು. ಬೇರೆ ಕೆಲಸ ಬೇಗ ಶುರುವಾಯಿತು. ಮೊದಲು ಸುಳ್ಳು ದಾವೆ ಹೂಡಿ ಹೊಟ್ಟೆ ಹೊರೆಯುತ್ತಿದ್ದವರನ್ನು ಹಿಡಿದು ಕೊಂದರು. ಊರಿನ ಒಳ್ಳೆಯ ಜನ ಸಂತೋಷಪಟ್ಟರು. ಯಾರೂ ಮರುಗದ ಜನರನ್ನು ಮೊದಲು ಮುಟ್ಟುವುದು ಎಲ್ಲ ಕಾಲದಲ್ಲೂ ನಡೆದುಬಂದ ಉಪಾಯ. ಆಮೇಲೆ ಸ್ಪಾರ್ಟಾದಿಂದ ಕಾವಲುಪಡೆ ತರಿಸಿಕೊಂಡರು, ಚಾಟಿ ಹಿಡಿದ ಮುನ್ನೂರು ಜನರನ್ನು ಇಟ್ಟುಕೊಂಡರು. ಆಮೇಲೆ ಹೆಸರಿದ್ದವರು, ಹಣವಿದ್ದವರು, ನಾಳೆ ಎದುರು ನಿಲ್ಲಬಲ್ಲವರು ಒಬ್ಬೊಬ್ಬರಾಗಿ ಸಾಯತೊಡಗಿದರು. ಪ್ನಿಕ್ಸ್ ಗುಡ್ಡದ ಮೇಲೆ ಜನಸಭೆ ಸೇರುವಲ್ಲಿ ಭಾಷಣಕಾರನ ಕಟ್ಟೆ ಕಡಲಿಗೆ ಮುಖಮಾಡಿ ಇತ್ತಂತೆ, ಅದನ್ನು ಈ ಮೂವತ್ತು ಜನ ಹೊಲಗದ್ದೆಗಳ ಕಡೆ ತಿರುಗಿಸಿದರು ಎಂದು ಪ್ಲೂಟಾರ್ಕ್ ಹೇಳುತ್ತಾನೆ. ಕಡಲನ್ನು ಕಂಡರೆ ಜನರಿಗೆ ತಮ್ಮ ಬಲ ನೆನಪಾಗುತ್ತದೆ ಎಂಬ ಅಂಜಿಕೆ.

ಮೂವತ್ತರಲ್ಲಿ ಥೆರಮೆನೀಸ್ ಎಂಬವನೂ ಇದ್ದ. ಹಿಂದಿನ ನಾನೂರರಲ್ಲೂ ಇದ್ದು, ನಡುವೆ ಅವರನ್ನೇ ಉರುಳಿಸಿದವನು. ಇಷ್ಟು ಕಡಿಮೆ ಜನ ಇಷ್ಟು ಕೊಂದರೆ ಆಳ್ವಿಕೆ ಉಳಿಯದು, ಇನ್ನಷ್ಟು ಜನರನ್ನು ಸೇರಿಸಿಕೊಳ್ಳೋಣ ಎಂದು ಅವನು ಕೇಳಿದ. ಆಗ ಕ್ರಿಟಿಯಾಸ್ 3,000 ಹೆಸರುಗಳ ಪಟ್ಟಿ ಮಾಡಿಸಿದ. ಒಳ್ಳೆಯವರು ಸರಿಯಾಗಿ ಮೂರು ಸಾವಿರವೇ ಇರಬೇಕು ಎನ್ನುವುದು ಎಂಥ ಮಾತು, ಈ ಎಣಿಕೆಯ ಹೊರಗೆ ಯೋಗ್ಯರಿಲ್ಲವೇ, ಒಳಗೆ ಅಯೋಗ್ಯರಿಲ್ಲವೇ ಎಂದ ಥೆರಮೆನೀಸ್. ಅವನ ಮಾತು ನಡೆಯಲಿಲ್ಲ. ಪಟ್ಟಿಯ ಹೊರಗಿದ್ದವರ ಆಯುಧಗಳನ್ನೆಲ್ಲ ಕಸಿದುಕೊಂಡರು. ಪಟ್ಟಿಯಲ್ಲಿ ಇರುವವನನ್ನು ಮಂಡಳಿಯ ಒಪ್ಪಿಗೆ ಇಲ್ಲದೆ ಕೊಲ್ಲುವಂತಿಲ್ಲ, ಹೊರಗಿರುವವನನ್ನು ಮೂವತ್ತು ಜನ ತಮ್ಮ ಇಷ್ಟದಂತೆ ಕೊಲ್ಲಬಹುದು ಎಂದು ಕಾನೂನಾಯಿತು.

ಆ ಕಾನೂನಿನ ಕತ್ತಿ ಬೀಸಿದ್ದು ಯಾರ ಮೇಲೆ? ಥೆರಮೆನೀಸನ ಮೇಲೆಯೇ. ಮಂಡಳಿಯ ಮುಂದೆ ಅವನ ವಿಚಾರಣೆ ನಡೆಯಿತು, ಅವನ ಮಾತಿಗೆ ಮಂಡಳಿ ಮೆಚ್ಚಿ ಗದ್ದಲ ಮಾಡಿತು. ಮತಕ್ಕೆ ಬಿಟ್ಟರೆ ಅವನು ಉಳಿಯುತ್ತಾನೆಂದು ಕಂಡ ಕ್ರಿಟಿಯಾಸ್ ಕಠಾರಿ ಹಿಡಿದ ತರುಣರನ್ನು ಕಟಕಟೆಯ ಬಳಿ ನಿಲ್ಲಿಸಿ, ಥೆರಮೆನೀಸನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದೇನೆ ಎಂದ. ಹೆಸರು ಹೋಯಿತು, ಜೊತೆಗೆ ಪ್ರಾಣವೂ. ತನ್ನ ಹೆಸರನ್ನು ಹೊಡೆದಂತೆ ನಿಮ್ಮ ಹೆಸರುಗಳನ್ನೂ ಹೊಡೆಯಬಹುದು ಎಂದು ಥೆರಮೆನೀಸ್ ದೇವಪೀಠಕ್ಕೆ ಹಾರಿ ನಿಂತು ಕೂಗಿದ. ಮಂಡಳಿ ಬಾಯಿ ಬಿಡಲಿಲ್ಲ. ಅವನನ್ನು ಎಳೆದೊಯ್ದು ವಿಷ ಕುಡಿಸಿದರು.

ಕೆಲವರ ಆಳ್ವಿಕೆಯ ಬಗ್ಗೆ ನನಗೆ ತಿಳಿದ ದೊಡ್ಡ ಸತ್ಯ ಇದೇ. ಅದರ ಎಣಿಕೆ ಒಂದು ಕಡೆ ನಿಲ್ಲುವುದಿಲ್ಲ. ಯಾರು ಎಣಿಕೆಗೆ ಬರುತ್ತಾರೆ ಎನ್ನುವುದನ್ನು ಗೊತ್ತುಮಾಡುವ ಕೈ ಯಾವುದೋ, ಅದು ಇವತ್ತು ಹೊರಗಿನವನನ್ನು ಹೊಡೆದುಹಾಕಿ ನಾಳೆ ಒಳಗಿನವನನ್ನು ಹೊಡೆಯುತ್ತದೆ. ಒಳಗಿದ್ದೇನೆ ಎಂಬ ನೆಮ್ಮದಿಗೆ ಬೇರೆ ಯಾವ ಆಧಾರವೂ ಇಲ್ಲ.

ಪಟ್ಟಿಗೆ ಎಂದೂ ಸೇರಲಾಗದವರ ಕಥೆಯನ್ನು ಲಿಸಿಯಾಸ್ ಹೇಳಿದ್ದಾನೆ. ಅವನ ತಂದೆ ಸೆಫಾಲಸ್ ಸಿಸಿಲಿಯ ಸಿರಾಕ್ಯೂಸಿನವನು, ಪೆರಿಕ್ಲಿಸ್ ಕರೆದನೆಂದು ಅಥೆನ್ಸಿಗೆ ಬಂದು ನೆಲೆಸಿದವನು. ಪ್ಲೇಟೋವಿನ 'ರಿಪಬ್ಲಿಕ್' ಗ್ರಂಥದಲ್ಲಿ ನ್ಯಾಯ ಎಂದರೇನು ಎಂಬ ಸಂಭಾಷಣೆ ಆರಂಭವಾಗುವುದು ಈ ಕುಟುಂಬದ ಮನೆಯಲ್ಲಿಯೇ, ಪಿರೇಯಸ್ ಬಂದರಿನಲ್ಲಿ. ಅಲ್ಲಿ ಮಾತಾಡುವ ಪೊಲೆಮಾರ್ಕಸ್ ಲಿಸಿಯಾಸನ ಅಣ್ಣ. ಅವರಿಗೆ ಗುರಾಣಿ ಮಾಡುವ ಕಾರ್ಖಾನೆ ಇತ್ತು, 120 ಜನ ಗುಲಾಮರಿದ್ದರು. ಹಣ ಬಹಳ, ಆದರೆ ಪೌರತ್ವ ಇಲ್ಲ. ಹೊರಗಿನಿಂದ ಬಂದು ನೆಲೆಸಿದವರು, ತೆರಿಗೆ ಕೊಡಬೇಕು, ಯುದ್ಧಕ್ಕೆ ಹೋಗಬೇಕು, ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ.

ಮೂವತ್ತು ಜನರಿಗೆ ಕಾವಲುಪಡೆಯ ಸಂಬಳಕ್ಕೆ ಹಣ ಬೇಕಾಯಿತು. ಇಂಥ ವಲಸಿಗರನ್ನು ಹಿಡಿಯೋಣ ಎಂದುಕೊಂಡರು. ಅತಿಥಿಗಳಿಗೆ ಊಟ ಬಡಿಸುತ್ತಿದ್ದ ಲಿಸಿಯಾಸನ ಮನೆಗೆ ನುಗ್ಗಿದರು. ಪೀಸನ್ ಎಂಬ ಆಡಳಿತಗಾರ ಅವನ ಪಾಲಿಗೆ ಬಂದ. ಪ್ರಾಣ ಉಳಿಸಿದರೆ ಒಂದು ಟ್ಯಾಲೆಂಟ್ ಬೆಳ್ಳಿ ಕೊಡುತ್ತೇನೆ ಎಂದ ಲಿಸಿಯಾಸ್. ಒಬ್ಬ ಕೆಲಸಗಾರನ 6,000 ದಿನದ ಕೂಲಿ ಅದು. ಪೀಸನ್ ತನ್ನ ಮೇಲೂ ತನ್ನ ಮಕ್ಕಳ ಮೇಲೂ ಆಣೆಯಿಟ್ಟ. ಪೆಟ್ಟಿಗೆ ತೆರೆದದ್ದೇ ತಡ, ಒಳಗಿದ್ದ ಮೂರು ಟ್ಯಾಲೆಂಟ್ ಬೆಳ್ಳಿ, ಚಿನ್ನದ ನಾಣ್ಯ, ಬೆಳ್ಳಿಯ ಬಟ್ಟಲು ಎಲ್ಲವನ್ನೂ ಎತ್ತಿಕೊಂಡ. ಲಿಸಿಯಾಸ್ ತನ್ನನ್ನು ಕೂಡಿಹಾಕಿದ್ದ ಮನೆಯ ಹಿಂದಿನ ಬಾಗಿಲುಗಳಿಂದ ತಪ್ಪಿಸಿಕೊಂಡು, ದೋಣಿ ಹತ್ತಿ ಮೆಗಾರಾ ಸೇರಿದ. ಅಣ್ಣನನ್ನು ಎರಟೋಸ್ಥೆನೀಸ್ ಎಂಬವನು ಬೀದಿಯಲ್ಲಿ ಹಿಡಿದ. ಯಾವ ಅಪರಾಧ ಎಂದು ಹೇಳದೆಯೇ ವಿಷ ಕುಡಿಸಿದರು. ಅವರಿಗೆ ಮೂರು ಮನೆಗಳಿದ್ದವು, ಒಂದರಿಂದಲೂ ಹೆಣ ಹೊರಡಲು ಬಿಡಲಿಲ್ಲ. ಬಾಡಿಗೆಯ ಗುಡಿಸಲಲ್ಲಿ ಮಲಗಿಸಿದರು, ಹೊದಿಸುವ ಬಟ್ಟೆಯನ್ನೂ ತಲೆದಿಂಬನ್ನೂ ಗೆಳೆಯರು ತಂದುಕೊಟ್ಟರು. ಮನೆಗೆ ಮೊದಲು ಕಾಲಿಟ್ಟ ಮೆಲೋಬಿಯಸ್ ಎಂಬವನು ಪೊಲೆಮಾರ್ಕಸನ ಹೆಂಡತಿಯ ಕಿವಿಯಿಂದ ಚಿನ್ನದ ಓಲೆಗಳನ್ನು ಕಿತ್ತುಕೊಂಡಿದ್ದ. ಹಿರಿಯರ ಕಾಲದ ಕಾನೂನು ತರುತ್ತೇವೆಂದು ಬಂದ ಆಳ್ವಿಕೆ ಇದು.

ಇವರು ತಮ್ಮ ಪಾಪದಲ್ಲಿ ಊರಿನವರೆಲ್ಲರಿಗೂ ಪಾಲು ಕೊಡಲು ನೋಡಿದರು. ಸಾಲಮಿಸಿನ ಲಿಯಾನ್ ಎಂಬವನನ್ನು ಹಿಡಿದು ತರಲು ಐವರನ್ನು ಕಳಿಸಿದರು, ಅವರಲ್ಲಿ ಸಾಕ್ರಟೀಸ್ ಒಬ್ಬ. ನಾಲ್ವರು ಹೋಗಿ ತಂದರು. ಸಾಕ್ರಟೀಸ್ ಮನೆಗೆ ನಡೆದ. ಜನಸಭೆಯ ಮುಂದೆ ಬಗ್ಗದವನು ಮೂವತ್ತರ ಮುಂದೆಯೂ ಬಗ್ಗಲಿಲ್ಲ. ಎಲ್ಯೂಸಿಸ್ ಪಟ್ಟಣದ ವಿಷಯ ಇನ್ನೂ ಘೋರ. ಜನಗಣತಿ ಎಂದು ಹೇಳಿ ಪಟ್ಟಣದವರ ಹೆಸರು ಬರೆಸಿದರು. ಹೆಸರು ಬರೆಸಿದವನು ಕಡಲ ಕಡೆಯ ದಿಡ್ಡಿಬಾಗಿಲಿನಿಂದ ಹೊರಗೆ ಹೋಗಬೇಕು, ಅಲ್ಲಿ ಸಾಲಾಗಿ ನಿಂತ ಸವಾರರ ನಡುವೆ ಒಬ್ಬೊಬ್ಬರನ್ನೇ ಕಟ್ಟಿಹಾಕುತ್ತಿದ್ದರು. ಮರುದಿನ ಕ್ರಿಟಿಯಾಸ್ ಪಟ್ಟಿಯ ಮೂರು ಸಾವಿರ ಜನರನ್ನು ಕರೆದು, ಅಧಿಕಾರದ ಗೌರವದಲ್ಲಿ ನಿಮಗೆ ಪಾಲಿದ್ದಂತೆ ಅಪಾಯದಲ್ಲೂ ಪಾಲಿರಬೇಕು ಎಂದು ಹೇಳಿ, ಆ ಜನರ ಸಾವಿಗೆ ಎಲ್ಲರ ಎದುರಿಗೆ ಮತ ಹಾಕಿಸಿದ. ಸಭಾಂಗಣದ ಅರ್ಧಭಾಗದಲ್ಲಿ ಸ್ಪಾರ್ಟಾದ ಪಡೆ ಆಯುಧ ಹಿಡಿದು ನಿಂತಿತ್ತು. ಮೂವತ್ತು ಜನರ ಕಾಲದಲ್ಲಿ ಸತ್ತವರು 1,500ಕ್ಕೆ ಕಡಿಮೆಯಿಲ್ಲ.

ಅಷ್ಟರಲ್ಲಿ ಗಡಿಪಾರಾಗಿದ್ದ ಥ್ರಸಿಬುಲಸ್ ಥೀಬ್ಸಿನಿಂದ ಸುಮಾರು ಎಪ್ಪತ್ತು ಜನರೊಡನೆ ಬಂದು ಫೈಲೆ ಎಂಬ ಗಿರಿದುರ್ಗವನ್ನು ಹಿಡಿದಿದ್ದ. ಸದೆಬಡಿಯಲು ಹೋದ ಮೂವತ್ತರ ಪಡೆಯನ್ನು ಹಿಮ ಹಿಂದಕ್ಕೆ ಕಳಿಸಿತು. ಎಪ್ಪತ್ತು ಏಳುನೂರಾಯಿತು, ಏಳುನೂರು ಸಾವಿರವಾಯಿತು. ಕ್ರಿ.ಪೂ. 403ರಲ್ಲಿ ಅವರು ಪಿರೇಯಸಿಗೆ ಇಳಿದು ಮ್ಯುನಿಕಿಯಾ ಗುಡ್ಡದ ಮೇಲೆ ನಿಂತು ಕಾದಾಡಿದರು. ಕ್ರಿಟಿಯಾಸ್ ಅಲ್ಲಿ ಸತ್ತ. ಗೆದ್ದವರು ಸತ್ತವರ ಆಯುಧಗಳನ್ನು ತೆಗೆದುಕೊಂಡರು, ಆದರೆ ಒಬ್ಬ ಊರಿನವನ ಮೈಮೇಲಿನ ಬಟ್ಟೆಯನ್ನೂ ಮುಟ್ಟಲಿಲ್ಲ ಎಂದು ಜೆನೊಫೋನ್ ಬರೆಯುತ್ತಾನೆ. ಓಲೆ ಕಿತ್ತವರನ್ನೂ ಇವರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಕ್ಲಿಯೋಕ್ರಿಟಸ್ ಎಂಬ ದೇವಕಾರ್ಯದ ಘೋಷಕ ಎದುರು ಪಕ್ಷದವರಿಗೆ ಕೂಗಿ ಹೇಳಿದ: ಒಂದೇ ಗುಡಿಯಲ್ಲಿ ಪೂಜೆ ಮಾಡಿದ್ದೇವೆ, ಒಟ್ಟಿಗೆ ಹಬ್ಬ ಮಾಡಿ ಕುಣಿದಿದ್ದೇವೆ, ಒಂದೇ ಶಾಲೆಯಲ್ಲಿ ಕಲಿತಿದ್ದೇವೆ, ನಮ್ಮನ್ನು ಊರಿನಿಂದ ಓಡಿಸುವುದೇಕೆ? ಆ ಮಾತಿನಿಂದಲೂ ಆ ಸೋಲಿನಿಂದಲೂ ಮೂರು ಸಾವಿರ ಜನರ ಒಗ್ಗಟ್ಟು ಒಡೆಯಿತು.

ಜನರ ಆಳ್ವಿಕೆ ಮರಳಿತು. ಅದು ಸೇಡು ತೀರಿಸಿಕೊಳ್ಳಲಿಲ್ಲ. ಮೂವತ್ತು ಜನ ಮತ್ತು ಅವರ ಕೆಲವು ಮುಖ್ಯ ಅಧಿಕಾರಿಗಳನ್ನು ಬಿಟ್ಟು ಉಳಿದವರ ಮೇಲೆ ಹಳೆಯ ಕೇಡನ್ನು ಎತ್ತಿ ಆಡುವುದಿಲ್ಲ ಎಂದು ಎಲ್ಲರೂ ಆಣೆಯಿಟ್ಟರು. ತಮ್ಮನ್ನು ಕೊಲ್ಲಲೆಂದು ಎದುರು ಪಕ್ಷ ಸ್ಪಾರ್ಟಾದಿಂದ ತಂದಿದ್ದ ಸಾಲವನ್ನೂ ಊರಿನ ಬೊಕ್ಕಸದಿಂದಲೇ ತೀರಿಸಿದರು. ಹಗೆಯ ಪ್ರಮಾಣ ಮಾಡಿದ ಸಿರಿವಂತರ ಊರುಗಳ ಬಗ್ಗೆ ಮೊದಲು ಹೇಳಿದೆನಲ್ಲ, ಕೂಲಿಯವರೂ ಹುಟ್ಟು ಹಾಕುವವರೂ ಸೇರಿ ಮಾಡಿದ ಪ್ರಮಾಣ ಇದು. ಗ್ರೀಕ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ರಾಜಕೀಯ ಕಾರ್ಯವನ್ನು ನಾನು ಕಾಣೆ.

ಆದರೂ ಪಟ್ಟಿಯ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷ ಫಾರ್ಮಿಸಿಯಸ್ ಎಂಬವನು, ಭೂಮಿ ಇರುವವರಿಗೆ ಮಾತ್ರ ಪೌರತ್ವದ ಹಕ್ಕು ಇರಲಿ ಎಂಬ ನಿರ್ಣಯ ತಂದ. ಅವನು ಗೆದ್ದ ಪಕ್ಷದವನೇ. ಅದು ನಡೆದಿದ್ದರೆ ಸುಮಾರು 5,000 ಜನ ಹೊರಗೆ ಬೀಳುತ್ತಿದ್ದರು. ಅದರ ವಿರುದ್ಧ ಒಬ್ಬ ಪೌರನಿಗಾಗಿ ಭಾಷಣ ಬರೆದುಕೊಟ್ಟವನು ಲಿಸಿಯಾಸ್. ನಿರ್ಣಯ ಬಿದ್ದುಹೋಯಿತು, ಭೂಮಿಯಿಲ್ಲದವರು ಪೌರರಾಗಿ ಉಳಿದರು. ಗಡಿಪಾರಾದವರ ಪಡೆಗೆ ಹಣವನ್ನೂ 200 ಗುರಾಣಿಗಳನ್ನೂ ಕೊಟ್ಟಿದ್ದ ಲಿಸಿಯಾಸನಂಥ ವಲಸಿಗರಿಗೂ ಪಿರೇಯಸಿನಲ್ಲಿ ಕಾದಾಡಿದ ಗುಲಾಮರಿಗೂ ಪೌರತ್ವ ಕೊಡಬೇಕೆಂದು ಥ್ರಸಿಬುಲಸ್ ನಿರ್ಣಯ ತಂದ. ಅದು ಕಾನೂನಿಗೆ ವಿರುದ್ಧ ಎಂದು ದಾವೆ ಹೂಡಿ ಆರ್ಕಿನಸ್ ಎಂಬವನು ಅದನ್ನು ಕೆಡವಿದ. ಲಿಸಿಯಾಸ್ ಮುಂದೆ ಬದುಕಿದಷ್ಟು ವರ್ಷವೂ ಅಥೆನ್ಸಿನ ಪೌರರಿಗೆ ನ್ಯಾಯಾಲಯದಲ್ಲಿ ಆಡಲು ಭಾಷಣ ಬರೆದುಕೊಡುತ್ತ, ಜನಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲದೆ ಆ ಊರಿನಲ್ಲಿಯೇ ಇದ್ದ.